ಮೀನಿನ ರಕ್ತದಲ್ಲಿ ಬಾಲಚುಕ್ಕಿ: ಕಲುಷಿತ ನೀರು ಡಿಎನ್‌ಎಗೆ ಏನು ಮಾಡುತ್ತದೆ?

2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಪತ್ರಿಕೆಗಳಲ್ಲಿ ಫೋಟೊ ಬಂತು, ಚರ್ಚೆಯೂ ಆಯಿತು. ನಮ್ಮ ಕೆರೆಗಳಲ್ಲಿ ಇಂಥದ್ದು ಆಗಾಗ ನಡೆಯುತ್ತದೆ. ಹೆಚ್ಚಿನ ಸಲ ಆಗುವುದು ಇಷ್ಟು: ಚರಂಡಿ ನೀರು ಕೆರೆಗೆ ಸೇರುತ್ತದೆ. ಅದರ ಕೊಳೆಯನ್ನು ತಿಂದು ಬ್ಯಾಕ್ಟೀರಿಯಾ ವಿಪರೀತ ಹೆಚ್ಚುತ್ತವೆ. ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಅವೇ ಬಳಸಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ.

ಆದರೆ ಎಲ್ಲ ಮೀನೂ ಸಾಯುವುದಿಲ್ಲ. ಕಾಟ್ಲಾ, ರೋಹು ಮೊದಲು ಹೋಗುತ್ತವೆ. ಕೊರವ, ಮುರುಗೋಡಿನಂಥವು ಉಳಿದುಕೊಳ್ಳುತ್ತವೆ. ಅವು ಮೇಲಕ್ಕೆ ಬಂದು ಬಾಯಿಂದ ಗಾಳಿಯನ್ನೇ ನುಂಗಿ ಉಸಿರಾಡಬಲ್ಲವು. ನನ್ನನ್ನು ಹೆಚ್ಚು ಕಾಡುವುದು ಹೀಗೆ ಉಳಿದ ಮೀನು. ವರ್ಷಗಟ್ಟಲೆ ಅದು ಅದೇ ನೀರಿನಲ್ಲಿ, ಅದೇ ಹೂಳಿನ ಮೇಲೆ ಬದುಕುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ. ಒಳಗೆ, ಅದರ ಒಂದೊಂದು ಜೀವಕೋಶದ ಡಿಎನ್‌ಎಯಲ್ಲಿ ಏನು ನಡೆದಿದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ನೋಡುವ ದಾರಿಗಳಿವೆ. ಈ ಲೇಖನ ಅದರ ಬಗ್ಗೆ.

ಈ ವಿಷಯ ಅರ್ಥವಾಗಬೇಕಾದರೆ ಅಮೆರಿಕದ ಒಂದು ಸಣ್ಣ ನದಿಗೆ ಹೋಗಬೇಕು. ಓಹಾಯೊ ರಾಜ್ಯದ ಲೊರೇನ್ ಎಂಬ ಊರಿನಲ್ಲಿ ಬ್ಲ್ಯಾಕ್ ರಿವರ್ ಎಂಬ ನದಿ ಈರಿ ಸರೋವರವನ್ನು ಸೇರುತ್ತದೆ. ದಂಡೆಯ ಮೇಲೆ ದೊಡ್ಡ ಉಕ್ಕಿನ ಕಾರ್ಖಾನೆ. ಅದಕ್ಕೆ ಬೇಕಾದ ಕೋಕ್ ತಯಾರಿಸುವ ಘಟಕವೂ ಅಲ್ಲೇ ಇತ್ತು. ಕಲ್ಲಿದ್ದಲನ್ನು ಗಾಳಿ ತಾಗದಂತೆ ಮುಚ್ಚಿದ ಒಲೆಯಲ್ಲಿ ಕಾಯಿಸಿದರೆ ಕೋಕ್ ಸಿಗುತ್ತದೆ. ಜೊತೆಗೆ ಟಾರಿನಂಥ ಕಪ್ಪು ಜಿಡ್ಡೂ ಹುಟ್ಟುತ್ತದೆ. ಆ ಜಿಡ್ಡಿನಲ್ಲಿ ಪಿಎಎಚ್ ಎಂದು ಕರೆಯುವ ರಾಸಾಯನಿಕಗಳ ಗುಂಪಿದೆ. ಇಂಗಾಲದ ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಚಪ್ಪಟೆ ಅಣುಗಳು ಇವು. ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್, ಬೀಡಿ, ಯಾವುದು ಅರೆಬರೆ ಉರಿದರೂ ಇವು ಹುಟ್ಟುತ್ತವೆ. ಮಸಿಗೂ ಕ್ಯಾನ್ಸರಿಗೂ ನಂಟಿದೆ ಎಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ಬರೆದಿದ್ದರು. ಚಿಮಣಿ ಗುಡಿಸುವ ಕೆಲಸ ಮಾಡಿದವರಲ್ಲಿ ಅವರು ಅದನ್ನು ಕಂಡಿದ್ದರು.

ಈ ನದಿಯ ತಳದಲ್ಲಿ ಬ್ರೌನ್ ಬುಲ್‌ಹೆಡ್ ಎಂಬ ಮೀಸೆ ಮೀನು ಇದೆ. ಮೀಸೆಯಿಂದ ಹೂಳು ತಡವುತ್ತಾ ಹುಳು ಹುಪ್ಪಟೆ ಹುಡುಕಿ ತಿನ್ನುವ ಮೀನು. ಹೂಳಿನ ಮೇಲೇ ಮಲಗುತ್ತದೆ, ಅಲ್ಲೇ ಗೂಡು ಮಾಡಿ ಮೊಟ್ಟೆಯಿಡುತ್ತದೆ. ತುಂಬ ದೂರ ಹೋಗುವುದೂ ಇಲ್ಲ. 1980ರ ದಶಕದ ಆರಂಭದಲ್ಲಿ ಪಾಲ್ ಬೌಮನ್ ಎಂಬ ಮೀನುವಿಜ್ಞಾನಿ ಈ ಮೀನುಗಳನ್ನು ಹಿಡಿದು ಪರೀಕ್ಷಿಸಿದರು. ಜೊತೆಗಿದ್ದವರು ಜಾನ್ ಹಾರ್ಷ್‌ಬಾರ್ಗರ್. ಕೆಳವರ್ಗದ ಪ್ರಾಣಿಗಳಲ್ಲಿ ಕಾಣುವ ಗಡ್ಡೆಗಳ ಮಾದರಿಗಳನ್ನು ಸ್ಮಿತ್‌ಸೋನಿಯನ್ ಸಂಸ್ಥೆ 1965ರಿಂದ ಒಂದೆಡೆ ಸೇರಿಸಿ ದಾಖಲಿಸುತ್ತಿತ್ತು. ಆ ಕೆಲಸ ನೋಡಿಕೊಳ್ಳುತ್ತಿದ್ದವರು ಇವರು. 1982ರಲ್ಲಿ ಹಿಡಿದ ಮೂರು ನಾಲ್ಕು ವರ್ಷದ ಮೀನುಗಳಲ್ಲಿ ನೂರಕ್ಕೆ ಸುಮಾರು 39ರ ಲಿವರ್‌ನಲ್ಲಿ ಕ್ಯಾನ್ಸರ್ ಇತ್ತು.

ನೂರಕ್ಕೆ 39! ಅವು ಸತ್ತು ತೇಲಿದ ಮೀನುಗಳಲ್ಲ. ಜೀವಂತ ಈಜುತ್ತಿದ್ದವು.

ವಿಷ ತಯಾರಾಗುವುದು ಮೀನಿನೊಳಗೆ

ಲಿವರ್‌ನಲ್ಲೇ ಏಕೆ? ಇಲ್ಲಿ ಸ್ವಲ್ಪ ನಿಲ್ಲೋಣ. ಇಡೀ ಕಥೆಯ ತಿರುಳು ಇಲ್ಲಿದೆ.

ಪಿಎಎಚ್ ಗುಂಪಿನಲ್ಲಿ ಹೆಚ್ಚು ಅಭ್ಯಾಸ ಮಾಡಿರುವ ಅಣು ಬೆಂಜೋಪೈರೀನ್. ಅದು ತಾನಾಗಿ ಡಿಎನ್‌ಎಗೆ ಏನೂ ಮಾಡುವುದಿಲ್ಲ. ಅದಕ್ಕೆ ನೀರು ಆಗದು, ಕೊಬ್ಬು ಬೇಕು. ಆದ್ದರಿಂದ ಕಿವಿರು, ಚರ್ಮ, ಹೊಟ್ಟೆಯ ಮೂಲಕ ಸುಲಭವಾಗಿ ಮೀನಿನ ಮೈಯೊಳಗೆ ಇಳಿಯುತ್ತದೆ. ಇಂಥ ಜಿಡ್ಡನ್ನು ದೇಹ ಹೊರಗೆ ಹಾಕುವುದು ಹೇಗೆ? ನೀರಿನಲ್ಲಿ ಕರಗುವಂತೆ ಮಾಡಿದರೆ ಮಾತ್ರ ಸಾಧ್ಯ. ಆ ಕೆಲಸ ಲಿವರ್‌ನದು. ಅಲ್ಲಿ ಸಿವೈಪಿ1ಎ ಎಂಬ ಕಿಣ್ವ ಇದೆ. ಅದು ಬೆಂಜೋಪೈರೀನ್‌ಗೆ ಆಮ್ಲಜನಕ ಸೇರಿಸುತ್ತದೆ. ಹೆಚ್ಚಿನ ಅಣುಗಳು ಹೀಗೆ ಒಂದೆರಡು ಹಂತ ದಾಟಿ ಪಿತ್ತದ ಜೊತೆ ಹೊರಗೆ ಹೋಗುತ್ತವೆ.

ಆದರೆ ನಡುವಿನ ಒಂದು ಹಂತದಲ್ಲಿ ಹುಟ್ಟುವ ಅಣು ತುಂಬ ಚುರುಕು. ಸಿಕ್ಕಿದ್ದಕ್ಕೆ ಅಂಟಿಕೊಳ್ಳುವ ಗುಣ ಅದರದು. ಹತ್ತಿರದಲ್ಲಿ ಡಿಎನ್‌ಎ ಸಿಕ್ಕರೆ ಅದರ ಜಿ ಅಕ್ಷರಕ್ಕೆ, ಅಂದರೆ ಗ್ವಾನಿನ್‌ಗೆ, ಹೋಗಿ ಅಂಟಿಕೊಳ್ಳುತ್ತದೆ. ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ ಅಂದುಕೊಳ್ಳಿ. ಒಂದು ಅಕ್ಷರದ ಮೇಲೆ ಟಾರಿನ ಚುಕ್ಕೆ ಬಿದ್ದ ಹಾಗೆ ಇದು. ಜೀವಕೋಶ ಎರಡಾಗುವ ಮುಂಚೆ ಈ ಬರಹದ ಪ್ರತಿ ತೆಗೆಯಬೇಕು. ಚುಕ್ಕೆ ಬಿದ್ದ ಕಡೆ ಪ್ರತಿ ತೆಗೆಯುವ ಯಂತ್ರ ತಡವರಿಸಿ ತಪ್ಪು ಅಕ್ಷರ ಹಾಕುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೂ ಹೋಗುತ್ತದೆ. ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನಿನಲ್ಲೇ ಇಂಥ ತಪ್ಪುಗಳು ಸೇರುತ್ತಾ ಹೋದರೆ ಗಡ್ಡೆ ಬೆಳೆಯುತ್ತದೆ.

ಅಂದರೆ ಮೀನಿನ ದೇಹ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಕೆಲಸವೇ ಅದಕ್ಕೆ ಮುಳುವಾಗುತ್ತದೆ. ನೀರಿನಲ್ಲಿ ಪಿಎಎಚ್ ಜಾಸ್ತಿಯಾದಷ್ಟೂ ಲಿವರ್ ಈ ಕಿಣ್ವವನ್ನು ಇನ್ನಷ್ಟು ತಯಾರಿಸುತ್ತದೆ. ಜೊತೆಗೇ ಅಪಾಯದ ಅಣುಗಳೂ ಹೆಚ್ಚುತ್ತವೆ.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಮೀನಿನ ಮಾಂಸ ತೆಗೆದು ಲ್ಯಾಬಿಗೆ ಕಳಿಸಿ, ಇದರಲ್ಲಿ ಬೆಂಜೋಪೈರೀನ್ ಎಷ್ಟಿದೆ ಅಂತ ಕೇಳಿದರೆ, ಏನೂ ಇಲ್ಲ ಅನ್ನುವಷ್ಟು ಕಡಿಮೆ ಸಿಗಬಹುದು. ಲಿವರ್ ಆಗಲೇ ಅದನ್ನು ಹೊರಗೆ ಹಾಕಿರುತ್ತದೆ. ಮಾಂಸದ ವರದಿ ಸ್ವಚ್ಛ, ಡಿಎನ್‌ಎ ಹಾಳು, ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದಲೇ ತಿಳಿದವರು ಪಿಎಎಚ್ ಹುಡುಕಬೇಕಾದಾಗ ಮೀನಿನ ಪಿತ್ತವನ್ನು ನೋಡುತ್ತಾರೆ, ಡಿಎನ್‌ಎಗೆ ಅಂಟಿದ ಚುಕ್ಕೆಗಳನ್ನು ನೋಡುತ್ತಾರೆ.

ಗಡ್ಡೆಗೆ ನದಿಯ ಹೂಳೇ ಕಾರಣ ಎಂದು ಹೇಗೆ ಹೇಳುವುದು? ವೈರಸ್ ಇರಬಹುದಲ್ವಾ? ಈ ಪ್ರಶ್ನೆ ಆಗಲೂ ಎದ್ದಿತ್ತು. ಜಾನ್ ಬ್ಲ್ಯಾಕ್ ಎಂಬ ವಿಜ್ಞಾನಿ ಅಮೆರಿಕದ್ದೇ ಇನ್ನೊಂದು ಕಲುಷಿತ ನದಿಯಾದ ಬಫಲೊದ ಹೂಳಿನಿಂದ ಸಾರ ತೆಗೆದು, ಅದನ್ನು ಆರೋಗ್ಯವಂತ ಬುಲ್‌ಹೆಡ್ ಮೀನುಗಳ ಚರ್ಮಕ್ಕೆ ಮತ್ತೆ ಮತ್ತೆ ಹಚ್ಚಿದರು. ಆ ಮೀನುಗಳಲ್ಲಿ ಗಡ್ಡೆ ಬಂತು. 1987ರಲ್ಲಿ ಅವರೂ ಸಂಗಡಿಗರೂ ಬಫಲೊ ಮತ್ತು ಡೆಟ್ರಾಯಿಟ್ ನದಿಗಳ ಬುಲ್‌ಹೆಡ್‌ಗಳ ಲಿವರ್ ಡಿಎನ್‌ಎ ಪರೀಕ್ಷಿಸಿದರು. ಅದಕ್ಕೆ ಪಿಎಎಚ್ ತರಹದ ಅಣುಗಳು ಅಂಟಿಕೊಂಡಿದ್ದ ಗುರುತು ಸಿಕ್ಕಿತು. ಶುದ್ಧ ನೀರಿನ ತೊಟ್ಟಿಯಲ್ಲಿ ಬೆಳೆದ ಮೀನುಗಳಲ್ಲಿ ಆ ಗುರುತು ಇರಲಿಲ್ಲ.

ಡಿಎನ್‌ಎ ಹಾಳಾಗುವುದು ಅಂಟಿನಿಂದ ಮಾತ್ರ ಅಲ್ಲ. ಲೋಹಕ್ಕೆ ಹೊಳಪಿನ ಲೇಪ ಹಾಕುವ ಘಟಕಗಳಲ್ಲಿ ಬಳಸುವ ಒಂದು ಬಗೆಯ ಕ್ರೋಮಿಯಂ ಇದೆ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲೂ ಅದು ಪತ್ತೆಯಾಗಿದೆ. ನೋಡಲು ಅದು ಸಲ್ಫೇಟಿನ ಹಾಗೇ ಇರುವುದರಿಂದ, ಸಲ್ಫೇಟಿಗಾಗಿ ಇರುವ ಬಾಗಿಲಿನಿಂದಲೇ ಜೀವಕೋಶದ ಒಳಗೆ ಹೋಗುತ್ತದೆ. ಒಳಗೆ ರೂಪ ಬದಲಿಸುವಾಗ ಡಿಎನ್‌ಎ ಎಳೆಗಳನ್ನು ಕತ್ತರಿಸುವಂಥ ಚುರುಕು ಅಣುಗಳನ್ನು ಹುಟ್ಟಿಸುತ್ತದೆ. ಹಲವು ಕೀಟನಾಶಕಗಳೂ ಹೀಗೇ ಡಿಎನ್‌ಎಗೆ ಒಂದು ರೀತಿ ತುಕ್ಕು ಹಿಡಿಸುತ್ತವೆ. ಕ್ಯಾಡ್ಮಿಯಂನ ದಾರಿ ಬೇರೆ. ಅದು ಡಿಎನ್‌ಎಯನ್ನು ನೇರವಾಗಿ ಅಷ್ಟೇನೂ ಮುಟ್ಟುವುದಿಲ್ಲ. ರಿಪೇರಿ ಮಾಡುವ ಪ್ರೋಟೀನುಗಳ ಕೈ ಕಟ್ಟಿಹಾಕುತ್ತದೆ.

ಹೌದು, ರಿಪೇರಿ ಅನ್ನುವುದು ಇದೆ. ಇಲ್ಲದಿದ್ದರೆ ಯಾವ ಜೀವಿಯೂ ಉಳಿಯುತ್ತಿರಲಿಲ್ಲ. ಬಿಸಿಲು, ಉಸಿರಾಟ, ಊಟ ಇವುಗಳಿಂದಲೇ ನಮ್ಮ ಒಂದೊಂದು ಜೀವಕೋಶದ ಡಿಎನ್‌ಎಗೆ ದಿನಕ್ಕೆ ಸಾವಿರಾರು ಸಣ್ಣ ಪೆಟ್ಟು ಬೀಳುತ್ತವೆ. ಅವುಗಳನ್ನು ಸರಿಮಾಡುವ ಪ್ರೋಟೀನುಗಳು ಹಗಲೂ ರಾತ್ರಿ ದುಡಿಯುತ್ತವೆ. ಈ ಕೆಲಸ ನಡೆಯುವ ಬಗೆಯನ್ನು ತೋರಿಸಿಕೊಟ್ಟ ತೋಮಸ್ ಲಿಂಡಾಲ್, ಪಾಲ್ ಮೋಡ್ರಿಚ್, ಅಜೀಜ್ ಸಾಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮೀನಿಗೂ ಈ ವ್ಯವಸ್ಥೆ ಇದೆ. ಪೆಟ್ಟು ಬೀಳುವ ವೇಗ ರಿಪೇರಿಯ ವೇಗವನ್ನು ಮೀರಿದಾಗಲೇ ತೊಂದರೆ.

ಒಂದು ಹನಿ ರಕ್ತ ಸಾಕು

ಗಡ್ಡೆ ಕಾಣಲು ವರ್ಷಗಳು ಬೇಕು. ಅಷ್ಟು ಕಾಯದೆ ಮೊದಲೇ ತಿಳಿಯುವ ದಾರಿ ಇದೆಯಾ? ಇದೆ. ಇಲ್ಲಿ ಮೀನು ನಮಗೊಂದು ಅನುಕೂಲ ಮಾಡಿಕೊಟ್ಟಿದೆ.

ನಮ್ಮ ರಕ್ತದ ಕೆಂಪು ಕಣಗಳಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಾಗಾಗಿ ಅಲ್ಲಿ ನೋಡಲು ಡಿಎನ್‌ಎಯೇ ಸಿಗದು. ಮೀನಿನ ಕೆಂಪು ಕಣಗಳಲ್ಲಿ ಮಾತ್ರ ನ್ಯೂಕ್ಲಿಯಸ್ ಕೊನೆಯವರೆಗೂ ಇರುತ್ತದೆ. ಬಾಲದ ಹತ್ತಿರದಿಂದ ಒಂದು ಹನಿ ರಕ್ತ ತೆಗೆದರೆ ಲಕ್ಷಾಂತರ ಡಿಎನ್‌ಎ ಪ್ರತಿಗಳು ಕೈಗೆ ಬಂದಂತೆ. ಮೀನನ್ನು ಕೊಲ್ಲಬೇಕಾಗಿಯೂ ಇಲ್ಲ.

ಆ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಸಾಮಾನ್ಯವಾಗಿ ಒಂದು ಕಣದಲ್ಲಿ ಒಂದೇ ಮೊಟ್ಟೆಯಾಕಾರದ ನ್ಯೂಕ್ಲಿಯಸ್. ಕೆಲವು ಕಣಗಳಲ್ಲಿ ಅದರ ಪಕ್ಕದಲ್ಲಿ ಸಾಸಿವೆಯಷ್ಟು ಇನ್ನೊಂದು ಚುಕ್ಕೆ ಕಾಣುತ್ತದೆ. ಅದೇ ಮೈಕ್ರೋನ್ಯೂಕ್ಲಿಯಸ್. ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನು ಆ ಕಡೆಗೊಂದು, ಈ ಕಡೆಗೊಂದು ಸಮನಾಗಿ ಎಳೆದು ಹಂಚಬೇಕು. ಮುರಿದ ತುಂಡು ಇದ್ದರೆ ಅದಕ್ಕೆ ಹಗ್ಗ ಕಟ್ಟುವ ಜಾಗವೇ ಇರುವುದಿಲ್ಲ. ಅದು ಹಿಂದೆ ಉಳಿದು ತನ್ನದೇ ಸಣ್ಣ ಉಂಡೆಯಾಗುತ್ತದೆ. ಶುದ್ಧ ನೀರಿನ ಮೀನಿನಲ್ಲೂ ಇವು ಇರುತ್ತವೆ, ಸಾವಿರ ಕಣಗಳಲ್ಲಿ ಎಲ್ಲೋ ಒಂದೆರಡು. ಆದ್ದರಿಂದ ಒಂದೊಂದು ಮೀನಿಗೂ ಸಾವಿರಾರು ಕಣ ಎಣಿಸಬೇಕು. ಬೇಸರ ತರಿಸುವ ಕೆಲಸ ನಿಜ. ಆದರೆ ದುಬಾರಿ ಯಂತ್ರ ಬೇಡ. ಒಳ್ಳೆಯ ಮೈಕ್ರೋಸ್ಕೋಪ್ ಇರುವ ನಮ್ಮ ಯಾವುದೇ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲೂ ಮಾಡಬಹುದು.

ಇನ್ನೊಂದು ಪರೀಕ್ಷೆ ನೋಡಲು ಬಲು ಚಂದ. ರಕ್ತದ ಕಣಗಳನ್ನು ತೆಳುವಾದ ಜೆಲ್ಲಿಯಲ್ಲಿ ಕೂರಿಸುತ್ತಾರೆ. ಕಣದ ಹೊದಿಕೆಯನ್ನು ಕರಗಿಸಿ ಬರೀ ಡಿಎನ್‌ಎ ಉಳಿಸುತ್ತಾರೆ. ಆಮೇಲೆ ವಿದ್ಯುತ್ ಹರಿಸುತ್ತಾರೆ. ಗಟ್ಟಿಯಾಗಿರುವ ಡಿಎನ್‌ಎ ಇದ್ದಲ್ಲೇ ದುಂಡಗೆ ಉಳಿಯುತ್ತದೆ. ಹರಿದ ತುಂಡುಗಳು ಮಾತ್ರ ಒಂದು ದಿಕ್ಕಿಗೆ ಜಾರಿ ಹೋಗುತ್ತವೆ. ಹೊಳೆಯುವ ಬಣ್ಣ ಹಾಕಿ ನೋಡಿದರೆ ಆಕಾಶದ ಬಾಲಚುಕ್ಕಿಯ ಹಾಗೇ, ಮುಂದೆ ತಲೆ, ಹಿಂದೆ ಬಾಲ. ಬಾಲ ಉದ್ದ ಮತ್ತು ದಟ್ಟ ಇದ್ದಷ್ಟೂ ಡಿಎನ್‌ಎ ಹೆಚ್ಚು ಹರಿದಿದೆ ಎಂದರ್ಥ. ಇದನ್ನು ಧೂಮಕೇತು ಪರೀಕ್ಷೆ, ಅಂದರೆ ಕಾಮೆಟ್ ಪರೀಕ್ಷೆ, ಎಂದೇ ಕರೆಯುತ್ತಾರೆ. 1984ರಲ್ಲಿ ಸ್ವೀಡನ್ನಿನಲ್ಲಿ ಇದರ ಮೊದಲ ರೂಪ ಬಂತು. ಈಗ ಹೆಚ್ಚು ಬಳಕೆಯಲ್ಲಿರುವ ಕ್ಷಾರದ ವಿಧಾನವನ್ನು 1988ರಲ್ಲಿ ನರೇಂದ್ರ ಸಿಂಗ್ ಮತ್ತು ಸಂಗಡಿಗರು ಪ್ರಕಟಿಸಿದರು.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಲಖನೌದಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ ಇದೆ. ಅಲ್ಲಿನ ವಿಜ್ಞಾನಿಗಳು ಕೊರವದ ಕುಲಕ್ಕೇ ಸೇರಿದ ಚನ್ನಾ ಪಂಕ್ಟೇಟಸ್ ಮೀನನ್ನು ಆರಿಸಿಕೊಂಡರು. ಗಟ್ಟಿ ಮೀನು, ಸುಲಭವಾಗಿ ಸಿಗುತ್ತದೆ, ಕೊಳಕು ನೀರಿನಲ್ಲೂ ಬದುಕುತ್ತದೆ. ಅದನ್ನು ಕ್ಲೋರ್‌ಪೈರಿಫಾಸ್ ಬೆರೆಸಿದ ನೀರಿನಲ್ಲಿ ಇಟ್ಟು, ಮೇಲೆ ಹೇಳಿದ ಎರಡೂ ಪರೀಕ್ಷೆ ಮಾಡಿದರು. ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಕೀಟನಾಶಕ ಅದು. ಮೀನು ಸಾಯದಷ್ಟು ಕಡಿಮೆ ಪ್ರಮಾಣದಲ್ಲೂ ಡಿಎನ್‌ಎ ಹರಿದದ್ದು ಕಂಡಿತು. ಪ್ರಮಾಣ ಏರಿದಂತೆ ಹಾನಿಯೂ ಏರಿತು.

ಇಲ್ಲೊಂದು ಎಚ್ಚರ ಬೇಕು. ಕೆಲವು ದಿನ ಕಳೆದ ಮೇಲೆ ಬಾಲ ಚಿಕ್ಕದಾಗುವುದನ್ನು ಇಂಥ ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ. ಅಂದರೆ ರಿಪೇರಿ ನಡೆದಿದೆ, ಅಥವಾ ತೀರಾ ಹಾಳಾದ ಕಣಗಳನ್ನು ದೇಹ ಕಿತ್ತುಹಾಕಿದೆ. ಹಾಗಾಗಿ ಕಾಮೆಟ್ ಪರೀಕ್ಷೆ ಹೇಳುವುದು ಇತ್ತೀಚಿನ ಪೆಟ್ಟಿನ ಸುದ್ದಿ. ಮೈಕ್ರೋನ್ಯೂಕ್ಲಿಯಸ್ ಹೇಳುವುದು ರಿಪೇರಿಯಾಗದೆ ಉಳಿದುಹೋದ ಪೆಟ್ಟಿನ ಸುದ್ದಿ. ನೀರಿನ ಬಿಸಿ, ಮೀನಿನ ವಯಸ್ಸು, ಬಲೆಯಲ್ಲಿ ಒದ್ದಾಡಿದ ಆಯಾಸ, ಇವೂ ಲೆಕ್ಕವನ್ನು ಏರುಪೇರು ಮಾಡಬಲ್ಲವು. ಒಂದೇ ಕೆರೆಯ ನಾಲ್ಕು ಮೀನು ನೋಡಿ ತೀರ್ಪು ಕೊಡುವುದು ತಪ್ಪು. ಹೋಲಿಸಿ ನೋಡಲು ಶುದ್ಧ ನೀರಿನ ಅದೇ ಜಾತಿಯ ಮೀನು ಬೇಕೇ ಬೇಕು.

ಇಂಥ ಮೀನು ತಿಂದರೆ ನಮ್ಮ ಡಿಎನ್‌ಎಯೂ ಹಾಳಾಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಹರಿದ ಡಿಎನ್‌ಎ ತಿಂದರೆ ಅದರಿಂದ ಏನೂ ಆಗುವುದಿಲ್ಲ. ಸೊಪ್ಪಿನ ಡಿಎನ್‌ಎ ಜೀರ್ಣವಾಗುವ ಹಾಗೇ ಅದೂ ಜೀರ್ಣವಾಗುತ್ತದೆ. ಭಯಪಡಬೇಕಾದ್ದು ಮೀನಿನಲ್ಲಿ ಉಳಿದಿರುವ ವಸ್ತುಗಳಿಗೆ. ಪಾದರಸ ಮಾಂಸದಲ್ಲಿ ಕೂತಿರುತ್ತದೆ, ಪಿಸಿಬಿಯಂಥವು (ಹಿಂದೆ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಎಣ್ಣೆಯಂಥ ರಾಸಾಯನಿಕಗಳು) ಕೊಬ್ಬಿನಲ್ಲಿ ಕೂತಿರುತ್ತವೆ. ತೊಳೆದರೂ ಬೇಯಿಸಿದರೂ ಪಾದರಸ ಹೋಗುವುದಿಲ್ಲ. ಮೀನಿನ ಡಿಎನ್‌ಎ ಹಾಳಾಗಿದೆ ಅಂದರೆ ಆ ನೀರಿನಲ್ಲಿ ಏನೋ ಇದೆ ಅನ್ನುವ ಸೂಚನೆ. ಅದೇ ನೀರು ಬೇರೆ ಯಾರಿಗೆಲ್ಲ ಹೋಗುತ್ತಿದೆ ಎಂದು ನೋಡಬೇಕು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ: ಮರಿಗಳಿಗೂ ಈ ಹಾನಿ ಹೋಗುತ್ತದಾ? ಲಿವರ್‌ನ, ರಕ್ತದ ಡಿಎನ್‌ಎ ಹಾಳಾದರೆ ಅದು ಆ ಮೀನಿನ ಜೊತೆಗೇ ಮುಗಿಯುತ್ತದೆ. ಮೊಟ್ಟೆ, ವೀರ್ಯದ ಡಿಎನ್‌ಎ ಹಾಳಾದರೆ ಮಾತ್ರ ಮುಂದಿನ ಪೀಳಿಗೆಗೆ ಹೋಗುತ್ತದೆ. ಹೆಚ್ಚಿನ ಸಲ ಅಂಥ ಮೊಟ್ಟೆ ಮರಿಯಾಗುವುದೇ ಇಲ್ಲ.

ಇದನ್ನು ಇನ್ನೊಂದು ಸಂಗತಿಯ ಜೊತೆ ಬೆರೆಸಬಾರದು. ನ್ಯೂಯಾರ್ಕ್‌ನ ಹಡ್ಸನ್ ನದಿಗೆ 1947ರಿಂದ ಸುಮಾರು 30 ವರ್ಷ ಪಿಸಿಬಿ ಹರಿದಿತ್ತು. ನದಿ ಸಮುದ್ರ ಸೇರುವ ಕಡೆ ಇರುವ ಟಾಮ್‌ಕಾಡ್ ಮೀನು ಅಳಿದುಹೋಗಬೇಕಿತ್ತು, ಹೋಗಲಿಲ್ಲ. ಐಸಾಕ್ ವಿರ್ಗಿನ್ ಮತ್ತು ಸಂಗಡಿಗರು 2011ರಲ್ಲಿ ಕಾರಣ ಕಂಡುಹಿಡಿದರು. ಪಿಸಿಬಿ ಹೋಗಿ ಕೂರುವ ಒಂದು ಪ್ರೋಟೀನಿನ ಜೀನಿನಲ್ಲಿ ಆರು ಅಕ್ಷರ ಕಾಣೆಯಾದ ರೂಪ ಹಡ್ಸನ್‌ನ ಹೆಚ್ಚುಕಡಿಮೆ ಎಲ್ಲ ಟಾಮ್‌ಕಾಡ್‌ಗಳಲ್ಲೂ ಇತ್ತು. ಅದು ಪಿಸಿಬಿಯಿಂದ ಹುಟ್ಟಿದ ಗಾಯವಲ್ಲ. ಮೊದಲೇ ಅಲ್ಲೊಂದು ಇಲ್ಲೊಂದು ಮೀನಿನಲ್ಲಿದ್ದ ರೂಪ. ಅದಿಲ್ಲದ ಮೀನುಗಳು ಪೀಳಿಗೆಯಿಂದ ಪೀಳಿಗೆಗೆ ಕಡಿಮೆಯಾದವು, ಇದ್ದವು ಉಳಿದವು. ಮೀನು ಹೊಂದಿಕೊಂಡಿತು ಎಂದು ಖುಷಿಪಡಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟು ಮರಿಗಳು ಸತ್ತ ಮೇಲೆ ಆ ಸ್ಥಿತಿ ಬಂದಿರಬೇಕು!

ಕಾರ್ಖಾನೆ ಮುಚ್ಚಿದ ಮೇಲೆ

ಬ್ಲ್ಯಾಕ್ ರಿವರ್‌ಗೆ ಮತ್ತೆ ಬರೋಣ. 1983ರಲ್ಲಿ ಕೋಕ್ ಘಟಕ ಮುಚ್ಚಿತು. ಹೊಸ ಟಾರು ಬರುವುದು ನಿಂತಿತು. ಮಳೆ, ಪ್ರವಾಹ ತಂದ ಹೊಸ ಮಣ್ಣು ಹಳೆಯ ಹೂಳಿನ ಮೇಲೆ ನಿಧಾನಕ್ಕೆ ಕೂತಿತು. 1987ರ ಹೊತ್ತಿಗೆ ಮೇಲ್ಪದರದ ಹೂಳಿನಲ್ಲಿ ಪಿಎಎಚ್ ನೂರರಲ್ಲೊಂದು ಪಾಲಿಗೆ ಇಳಿದಿತ್ತು. ಬುಲ್‌ಹೆಡ್‌ಗಳ ಲಿವರ್ ಕ್ಯಾನ್ಸರ್ ಮೊದಲಿದ್ದುದರ ಕಾಲುಭಾಗಕ್ಕೆ, ನೂರಕ್ಕೆ ಸುಮಾರು 10ಕ್ಕೆ, ಇಳಿಯಿತು. ಯಾರೂ ಮೀನಿಗೆ ಔಷಧ ಕೊಟ್ಟಿರಲಿಲ್ಲ. ವಿಷ ಸುರಿಯುವುದು ನಿಂತಿತ್ತು ಅಷ್ಟೆ.

ಆಮೇಲೆ 1989 ಮತ್ತು 1990ರಲ್ಲಿ, ಘಟಕದ ಹತ್ತಿರ ತಳದಲ್ಲಿ ಉಳಿದಿದ್ದ ಹಳೆಯ ಹೂಳನ್ನು ಯಂತ್ರ ಹಚ್ಚಿ ತೆಗೆದರು. ಒಳ್ಳೆಯ ಉದ್ದೇಶದ ಕೆಲಸ. ಆದರೆ ಮುಚ್ಚಿಹೋಗಿದ್ದ ಟಾರು ಆಗ ಕದಡಿ ಮೇಲೆ ಬಂತು. ಆ ಸಮಯದಲ್ಲಿ ನದಿಯಲ್ಲಿದ್ದ ಮರಿಮೀನುಗಳು 1992, 1993ರ ಹೊತ್ತಿಗೆ ದೊಡ್ಡವಾದವು. ಅವುಗಳಲ್ಲಿ ಲಿವರ್ ಕ್ಯಾನ್ಸರ್ ಮತ್ತೆ 1982ರ ಮಟ್ಟಕ್ಕೆ ಏರಿತ್ತು.

ಇದನ್ನು ಓದುವಾಗ ನನಗೆ ನಮ್ಮ ಕೆರೆಗಳ ಹೂಳೆತ್ತುವ ಕೆಲಸ ನೆನಪಾಗುತ್ತದೆ. ಹಳ್ಳಿಯ ಕೆರೆಯ ಹೂಳು ಹೊಲಕ್ಕೆ ಬಂಗಾರ, ಅನುಮಾನವೇ ಇಲ್ಲ. ಕಾರ್ಖಾನೆ ನೀರು ಸೇರುತ್ತಿದ್ದ ಕೆರೆಯ ಹೂಳು ಹಾಗಲ್ಲ. ಅದರಲ್ಲಿ ಏನಿದೆ ಎಂದು ಮೊದಲೇ ಪರೀಕ್ಷೆ ಮಾಡಬೇಕು. ನೀರು ಬತ್ತಿಸಿ ತೆಗೆಯುವುದೋ, ನೀರಿರುವಾಗಲೇ ಕೆದಕುವುದೋ ಎಂಬುದನ್ನು ಅದನ್ನು ನೋಡಿ ತೀರ್ಮಾನಿಸಬೇಕು. ತೆಗೆದ ಹೂಳನ್ನು ಎಲ್ಲಿ ಹಾಕುತ್ತೇವೆ ಎಂಬುದನ್ನೂ ಯೋಚಿಸಬೇಕು. ಕೆಲಸಕ್ಕೆ ಮುಂಚೆ ಒಂದಿಷ್ಟು ಕೊರವದ ರಕ್ತ, ಮುಗಿದು ವರ್ಷವಾದ ಮೇಲೆ ಇನ್ನೊಂದಿಷ್ಟು ರಕ್ತ ತೆಗೆದು ಕಣ ಎಣಿಸಿದರೆ, ಕೆರೆ ನಿಜವಾಗಿ ಸುಧಾರಿಸಿತೋ ಇಲ್ಲವೋ ಎಂದು ಮೀನೇ ಹೇಳುತ್ತದೆ. ಇದಕ್ಕೆ ಖರ್ಚೂ ಜಾಸ್ತಿಯಿಲ್ಲ.

ಹೂಳು ತೆಗೆದದ್ದೇ ತಪ್ಪು ಎಂದೂ ಇದರ ಅರ್ಥವಲ್ಲ. ಬೌಮನ್ ಅವರ ತಂಡ 1994ರಲ್ಲಿ ಮತ್ತೆ ಅದೇ ನದಿಯಲ್ಲಿ ಬಲೆ ಬೀಸಿತು. ಆ ಸಲ ಸಿಕ್ಕ ಮೂರು ವರ್ಷದ ಮೀನುಗಳು ಹುಟ್ಟಿದ್ದು 1991ರಲ್ಲಿ, ಯಂತ್ರಗಳು ಹೋಗಿ ನೀರು ತಿಳಿಯಾದ ಮೇಲೆ. ಅವುಗಳ ಪೈಕಿ ಒಂದರ ಲಿವರ್‌ನಲ್ಲೂ ಕ್ಯಾನ್ಸರ್ ಇರಲಿಲ್ಲ.